ವೆಲ್ಷ್ ಭಾಷೆಯ ‘ಪೊಂಟ್’: ಲ್ಯಾಟಿನ್ನಿನ ಗಂಡು ಸೇತುವೆ ಹೆಣ್ಣಾಗಿದ್ದು ಹೇಗೆ?

ಕಾರ್ಡಿಫ್_ಕನ್ನಡತಿ:
ವೇಲ್ಸ್‌ಗೆ ಬಂದ ಮೇಲೆ ರಸ್ತೆ ಬೋರ್ಡು ಓದುವ ಚಟ ಹತ್ತಿದೆ. ಇಲ್ಲಿ ಬೋರ್ಡುಗಳಲ್ಲಿ ವೆಲ್ಷ್, ಇಂಗ್ಲಿಷ್ ಎರಡೂ ಇರುತ್ತವೆ. ಕಾರ್ಡಿಫ್‌ನಿಂದ ಉತ್ತರಕ್ಕೆ ಹೊರಟರೆ ಪೊಂಟಪ್ರೀದ್ ಅನ್ನುವ ಊರು. ಪಶ್ಚಿಮಕ್ಕೆ ಹೊರಟರೆ ಬ್ರಿಜೆಂಡ್. ಅದಕ್ಕೆ ವೆಲ್ಷ್‌ನಲ್ಲಿ ‘ಪೆನ್-ಅ-ಬೊಂಟ್ ಅರ್ ಓಗುರ್’ ಅಂತಾರೆ. ಓಗುರ್ ನದಿಯ ಮೇಲಿನ ಸೇತುವೆಯ ತುದಿ ಅಂತ ಅರ್ಥ.

ಎರಡೂ ಊರಿನ ಹೆಸರಲ್ಲಿ ಇರುವುದು ಒಂದೇ ಸೇತುವೆ ಪದ. ಆದರೆ ಒಂದು ಕಡೆ ಪೊಂಟ್, ಇನ್ನೊಂದು ಕಡೆ ಬೊಂಟ್. ನಿಘಂಟಿನಲ್ಲಿ ‘ಬೊಂಟ್’ ಹುಡುಕಿದರೆ ಸಿಗುವುದೇ ಇಲ್ಲ! ಪೊಂಟ್ ಲ್ಯಾಟಿನ್ ಮೂಲದ್ದು ಅಂತ ಓದಿದೆ. ಲ್ಯಾಟಿನ್‌ನಲ್ಲಿ ಅದು ಪುಲ್ಲಿಂಗವಂತೆ, ವೆಲ್ಷ್‌ನಲ್ಲಿ ಸ್ತ್ರೀಲಿಂಗ. ಪ ಬ ಆಗುವುದು ಯಾಕೆ? ಲಿಂಗ ಬದಲಾಗಿದ್ದು ಹೇಗೆ? ಮತ್ತೆ ಇದು ನಿಜಕ್ಕೂ ಎರವಲು ಪದವಾ, ಇಲ್ಲ ಎರಡೂ ಭಾಷೆಗೆ ಒಂದೇ ಅಜ್ಜಿಯಿಂದ ಬಂದ ಆಸ್ತಿನಾ? ತಿಳಿದವರು ಹೇಳಿ.

ತರ್ಲೆ_ತಿಮ್ಮ:
ಸೇತುವೆಗೂ ಗಂಡು ಹೆಣ್ಣಾ? ಕನ್ನಡವೇ ವಾಸಿ ಗುರೂ. ಜೀವ ಇಲ್ಲದ್ದೆಲ್ಲ ‘ಅದು’. ಕೆಲಸ ಮುಗೀತು.

ಹಳೇ_ಮೇಷ್ಟ್ರು:
ಮೊದಲ ಪ್ರಶ್ನೆಯಿಂದ ಶುರು ಮಾಡೋಣಮ್ಮ. ಪ ಬ ಆಗುವುದು ಕನ್ನಡದವರಿಗೆ ಹೊಸದೇನಲ್ಲ. ಕಣ್ + ಪನಿ = ಕಂಬನಿ. ಮಳೆ + ಕಾಲ = ಮಳೆಗಾಲ. ಬೆಟ್ಟ + ತಾವರೆ = ಬೆಟ್ಟದಾವರೆ. ಶಾಲೆಯಲ್ಲಿ ಆದೇಶ ಸಂಧಿ ಅಂತ ಉರು ಹೊಡೆದಿದ್ದೇವಲ್ಲ, ಅದೇ. ಎರಡನೇ ಪದದ ಮೊದಲ ಕ ತ ಪ ಗಳಿಗೆ ಗ ದ ಬ ಬರುತ್ತವೆ. ವೆಲ್ಷ್‌ನಲ್ಲೂ ಅದೇ ನಡೆಯುತ್ತದೆ. ಆದರೆ ನಮ್ಮದಕ್ಕಿಂತ ಜಾಸ್ತಿ ದೂರ ಹೋಗಿದೆ.

ನಮ್ಮಲ್ಲಿ ಎರಡು ಪದ ಸೇರಿ ಸಮಾಸವಾದಾಗ ಈ ಬದಲಾವಣೆ. ವೆಲ್ಷ್‌ನಲ್ಲಿ ಪದಗಳು ಬೇರೆ ಬೇರೆಯಾಗಿಯೇ ನಿಂತಿರುತ್ತವೆ, ಹಿಂದಿನ ಪದ ನೋಡಿಕೊಂಡು ಮುಂದಿನ ಪದದ ಮೊದಲ ಅಕ್ಷರ ಬದಲಾಗುತ್ತದೆ. ‘ಅ’ ಅಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಅದರ ಮುಂದೆ ಏಕವಚನದ ಸ್ತ್ರೀಲಿಂಗ ಪದ ಬಂದರೆ ಮೆದುವಾಗುತ್ತದೆ, ಪುಲ್ಲಿಂಗ ಬಂದರೆ ಹಾಗೇ ಉಳಿಯುತ್ತದೆ.

ನೀವು ಕೊಟ್ಟ ಎರಡು ಊರುಗಳಲ್ಲೇ ಇದು ಕಾಣುತ್ತದೆ. ಪೊಂಟಪ್ರೀದ್‌ನ ಪೂರ್ತಿ ರೂಪ ‘ಪೊಂಟ್ ಅ ಟೀ ಪ್ರೀದ್’, ಮಣ್ಣಿನ ಮನೆಯ ಹತ್ತಿರದ ಸೇತುವೆ. ‘ಟೀ’ ಅಂದರೆ ಮನೆ, ಪುಲ್ಲಿಂಗ. ಹಾಗಾಗಿ ‘ಅ’ ಆದಮೇಲೂ ಟ ಟ ಆಗಿಯೇ ಇತ್ತು, ಡ ಆಗಲಿಲ್ಲ. ಆಮೇಲೆ ಜನರ ಬಾಯಲ್ಲಿ ಆ ‘ಟೀ’ ಪೂರ್ತಿ ಉದುರಿಹೋಯಿತು, ಅದು ಬೇರೆ ಕಥೆ. ಬ್ರಿಜೆಂಡ್‌ನಲ್ಲಿ ‘ಅ’ ಆದಮೇಲೆ ಪೊಂಟ್ ಬಂದಿದೆ. ಸ್ತ್ರೀಲಿಂಗ. ಆದ್ದರಿಂದ ಬೊಂಟ್.

ಕಾರ್ಡಿಫ್_ಕನ್ನಡತಿ:
ಆಹಾ ಮೇಷ್ಟ್ರೇ! ಅಂದರೆ ಲಿಂಗ ಗೊತ್ತಾಗಬೇಕಾದರೆ ಪದದ ಕೊನೆ ನೋಡಬಾರದು, ತಲೆ ನೋಡಬೇಕು. ಆದರೆ ಉತ್ತರ ವೇಲ್ಸ್‌ನಲ್ಲಿ ಕರ್ನಾರ್ವನ್ ಹತ್ತಿರ ‘ಬೊಂಟ್‌ನೆವಿದ್’ ಅಂತ ಊರಿದೆ, ಹೊಸ ಸೇತುವೆ ಅಂತ. ಅಲ್ಲಿ ಹಿಂದೆ ‘ಅ’ ಕಾಣುವುದಿಲ್ಲವಲ್ಲ?

ಹಳೇ_ಮೇಷ್ಟ್ರು:
ಇತ್ತು. ‘ಅ ಬೊಂಟ್‌ನೆವಿದ್’ ಅಂತ. ‘ಅ’ ಬಿಟ್ಟುಹೋಗಿದೆ, ಅದು ಮಾಡಿಟ್ಟ ಬದಲಾವಣೆ ಮಾತ್ರ ಉಳಿದಿದೆ. ಡೊಲ್ಗೆಹ್ಲೈ ಕಡೆ ‘ಬೊಂಟ್‌ದೀ’ ಅಂತ ಇನ್ನೊಂದು ಊರಿದೆ, ಕರಿ ಸೇತುವೆ. ‘ಕಪ್ಪು’ ಅನ್ನುವುದಕ್ಕೆ ಪದ ‘ಡೀ’. ಸ್ತ್ರೀಲಿಂಗ ಪದ ಆದಮೇಲೆ ಬಂದಿದ್ದಕ್ಕೆ ಅದೂ ಮೆದುವಾಗಿದೆ. ಒಂದೇ ಹೆಸರಲ್ಲಿ ಎರಡು ಬದಲಾವಣೆ! ದೊಡ್ಡದು ಅನ್ನುವ ‘ಮೌರ್’ ಕೂಡ ಹೀಗೇ. ದೊಡ್ಡ ಮನೆ ‘ಟೀ ಮೌರ್’, ದೊಡ್ಡ ಸೇತುವೆ ‘ಪೊಂಟ್ ವೌರ್’.

ಪಾಠಶಾಲೆ_ಭಟ್ಟ:
ನಮಸ್ಕಾರ. ಇಷ್ಟೆಲ್ಲ ಕಷ್ಟ ಯಾಕೆ? ಪೊಂಟ್ ಅಂದರೆ ಸಂಸ್ಕೃತದ ‘ಪಂಥಾಃ’. ‘ನಾನ್ಯಃ ಪಂಥಾ ಅಯನಾಯ ವಿದ್ಯತೇ’ ಅಂತ ಪುರುಷಸೂಕ್ತದಲ್ಲಿ ದಿನಾ ಹೇಳುತ್ತೇವೆ. ದಾರಿ ಅಂತ ಅರ್ಥ. ಸೇತುವೆಯೂ ದಾರಿಯೇ ಅಲ್ವಾ? ಸಂಸ್ಕೃತದಿಂದ ಲ್ಯಾಟಿನ್‌ಗೆ, ಅಲ್ಲಿಂದ ವೇಲ್ಸ್‌ಗೆ. ಮುಗಿಯಿತು.

ಬೇರುಹುಡುಕ:
ಭಟ್ಟರೇ, ಅರ್ಧ ದಾರಿ ನಿಮ್ಮ ಜೊತೆ ಬರುತ್ತೇನೆ. ಪಂಥಾಃ ಮತ್ತು ಲ್ಯಾಟಿನ್‌ನ ಪೋನ್ಸ್ (ಸೇತುವೆ) ನೆಂಟರು ಅನ್ನುವುದು ಖಂಡಿತ ನಿಜ. ಗ್ರೀಕ್‌ನಲ್ಲಿ ‘ಪೊಂಟೊಸ್’ ಅಂದರೆ ಸಮುದ್ರ, ಹಡಗಿನವರಿಗೆ ಅದೇ ದಾರಿ ತಾನೆ? ರಷ್ಯನ್‌ನಲ್ಲಿ ‘ಪುತ್’ ಅಂದರೆ ದಾರಿ. ಆದರೆ ಇವೆಲ್ಲ ಒಂದೇ ತಾಯಿಯ ಮಕ್ಕಳು. ಸಂಸ್ಕೃತ ಇವರಿಗೆ ಅಕ್ಕ ಆಗಬಹುದು, ಅಮ್ಮ ಅಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ್ದೂ ಅದನ್ನೇ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಒಂದು ಮೂಲ ಇರಬೇಕು, ಅದು ಈಗ ಬಹುಶಃ ಉಳಿದಿಲ್ಲ ಅಂತ. ವೆಲ್ಷ್, ಐರಿಷ್ ಸೇರಿದ ಕೆಲ್ಟಿಕ್ ಭಾಷೆಗಳನ್ನೂ ಆ ಗುಂಪಿಗೆ ಸೇರಿಸಬಹುದು ಅಂತ ಅವತ್ತೇ ಊಹಿಸಿದ್ದರು. ಅಂದಹಾಗೆ ಜೋನ್ಸ್ ಅವರ ತಂದೆ ವೇಲ್ಸ್‌ನ ಆಂಗ್ಲಸೀ ದ್ವೀಪದವರು. ಗಣಿತದಲ್ಲಿ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ‘ಪೈ’ ಚಿಹ್ನೆ ಬಳಸಿದವರು, 1706ರಲ್ಲಿ.

ಈಗ ಕನ್ನಡತಿಯವರ ಮೂರನೇ ಪ್ರಶ್ನೆ. ವೆಲ್ಷ್ ಪೊಂಟ್ ಆ ಹಳೇ ಅಜ್ಜಿಯಿಂದ ನೇರ ಬಂದ ಆಸ್ತಿನಾ? ಅಲ್ಲ. ಅದಕ್ಕೆ ಗಟ್ಟಿ ಸಾಕ್ಷಿ ಆ ಪದದ ಮೊದಲ ಅಕ್ಷರವೇ.

ಕೆಲ್ಟಿಕ್ ಭಾಷೆಗಳು ತಮ್ಮ ಹಳೇ ಪಕಾರವನ್ನು ಕಳೆದುಕೊಂಡವು. ನಮ್ಮಲ್ಲಿ 10ನೇ ಶತಮಾನದ ಆಸುಪಾಸಿನಿಂದ ಪಾಲು ಹಾಲು ಆಯಿತು, ಪೂ ಹೂ ಆಯಿತು. ಈಗ ಕೆಲವರ ಬಾಯಲ್ಲಿ ಆ ಹಕಾರವೂ ಇಲ್ಲ, ಬರೀ ‘ಆಲು’, ‘ಊವು’. ಕೆಲ್ಟಿಕ್‌ನಲ್ಲೂ ಪ ಸವೆದು ಸವೆದು ಹೀಗೇ ಮಾಯವಾಯಿತು. ನಮಗಿಂತ ಬಹಳ ಮೊದಲೇ. ಸಂಸ್ಕೃತ ‘ಪಿತೃ’, ಲ್ಯಾಟಿನ್ ‘ಪಾಟೆರ್’, ಐರಿಷ್‌ನಲ್ಲಿ ‘ಆಹಿರ್’. ಸಂಸ್ಕೃತ ‘ಪೂರ್ಣ’, ಲ್ಯಾಟಿನ್ ‘ಪ್ಲೇನುಸ್’, ವೆಲ್ಷ್‌ನಲ್ಲಿ ‘ಹ್ಲೌನ್’. ಪ ಎಲ್ಲಿ? ಇಲ್ಲ. ಹಾಗಾದರೆ ‘ಪಂಥಾಃ’ದ ಒಡಹುಟ್ಟು ಪದ ವೆಲ್ಷ್‌ನಲ್ಲಿ ಉಳಿದಿದ್ದರೆ ಅದಕ್ಕೂ ಪ ಇರಬಾರದಿತ್ತು. ಪೊಂಟ್‌ಗೆ ಪ ಇದೆ. ಅಂದರೆ ಪ ಕಳೆದುಹೋದ ಮೇಲೆ ಹೊರಗಿನಿಂದ ಬಂದ ಪದ ಇದು. ರೋಮನ್ನರು ಬ್ರಿಟನ್‌ಗೆ ದಂಡೆತ್ತಿ ಬಂದಿದ್ದು ಕ್ರಿ.ಶ. 43ರಲ್ಲಿ, ಅವರ ಆಳ್ವಿಕೆ ಮುಗಿದಿದ್ದು 410ರ ಹೊತ್ತಿಗೆ. ಕಿಟಕಿ, ಗೋಡೆ, ಶಾಲೆ, ಪುಸ್ತಕ, ಚರ್ಚು ಇವಕ್ಕೆಲ್ಲ ವೆಲ್ಷ್‌ನಲ್ಲಿ ಲ್ಯಾಟಿನ್ ಮೂಲದ ಪದಗಳೇ.

ಪಾಠಶಾಲೆ_ಭಟ್ಟ:
ಹಾಗಾದರೆ ‘ಪೆನ್’ ಅಂದರೆ ತುದಿ, ತಲೆ ಅಂತ ಮೇಲೆ ಬಂತಲ್ಲ. ಅದಕ್ಕೂ ಪ ಇದೆ. ಅದೂ ಲ್ಯಾಟಿನ್ನಾ? ನಿಮ್ಮ ನಿಯಮ ಇಲ್ಲೇ ಮುರಿಯಿತು.

ಬೇರುಹುಡುಕ:
ಒಳ್ಳೇ ಪಟ್ಟು ಹಾಕಿದಿರಿ ಭಟ್ಟರೇ. ಮುರಿಯಲಿಲ್ಲ. ವೆಲ್ಷ್‌ಗೆ ಹೊಸ ಪ ಒಂದು ‘ಕ್ವ’ದಿಂದ ಬಂತು. ತಲೆಗೆ ಐರಿಷ್‌ನಲ್ಲಿ ‘ಕ್ಯಾನ್’, ವೆಲ್ಷ್‌ನಲ್ಲಿ ‘ಪೆನ್’. ನಾಲ್ಕಕ್ಕೆ ಲ್ಯಾಟಿನ್‌ನಲ್ಲಿ ‘ಕ್ವಾಟ್ಟುವೊರ್’, ಸಂಸ್ಕೃತದಲ್ಲಿ ‘ಚತ್ವಾರಃ’, ವೆಲ್ಷ್‌ನಲ್ಲಿ ‘ಪೆಡ್ವರ್’. ಹಾಗಾಗಿ ವೆಲ್ಷ್‌ನಲ್ಲಿ ಪ ಕಂಡರೆ ಕೇಳಬೇಕಾದ್ದು ಇಷ್ಟೇ: ಇದು ಹಳೇ ‘ಕ್ವ’ನಾ, ಇಲ್ಲ ಎರವಲಾ? ಪಂಥಾಃ ಪದದ ಮೂಲದಲ್ಲಿ ‘ಕ್ವ’ ಇಲ್ಲ. ಉಳಿದಿದ್ದು ಎರವಲು.

ಕಡಲತಡಿ:
ಉಡುಪಿ ಕಡೆಯಿಂದ ಒಂದು ಪ್ರಶ್ನೆ. ರೋಮನ್ನರು ಬರುವ ಮುಂಚೆ ಅಲ್ಲಿನವರು ಹೊಳೆ ದಾಟುತ್ತಲೇ ಇರಲಿಲ್ಲವಾ? ನಮ್ಮಲ್ಲಿ ಅಡಕೆ ಮರ ಅಡ್ಡ ಹಾಕಿ ಕಾಲುಸಂಕ ಮಾಡುತ್ತೇವೆ, ಅದಕ್ಕೆ ಯಾವ ಚಕ್ರವರ್ತಿಯೂ ಬೇಕಿಲ್ಲ. ಅವರಿಗೂ ಸ್ವಂತ ಪದ ಇದ್ದಿರಬೇಕಲ್ಲ?

ಬೇರುಹುಡುಕ:
ಇತ್ತು. ‘ಬ್ರೀವಾ’. ಇಂಗ್ಲಿಷ್‌ನ ಬ್ರಿಜ್‌ಗೆ ದೂರದ ನೆಂಟ. ಫ್ರಾನ್ಸ್‌ನ ಅಮಿಯಾಂ ಊರಿನ ಹಳೇ ಹೆಸರು ಸಮರೊಬ್ರೀವಾ, ಸೊಮ್ ನದಿಯ ಸೇತುವೆ ಅಂತ. ಬ್ರೀವ್ ಅನ್ನುವ ಊರು ಇವತ್ತಿಗೂ ಅದೇ ಹೆಸರಿನಲ್ಲಿದೆ. ನನಗೆ ಇಷ್ಟವಾದದ್ದು ಪ್ಯಾರಿಸ್ ಹತ್ತಿರದ ಪೊಂತ್ವಾಜ್. ಹಳೇ ಹೆಸರು ‘ಬ್ರೀವಾ ಇಸಾರೇ’, ವಾಜ್ ನದಿಯ ಸೇತುವೆ. ಈಗಿನ ಹೆಸರೂ ಅದೇ ಅರ್ಥ, ಆದರೆ ಬ್ರೀವಾ ಹೋಗಿ ಪೊಂಟ್ ಬಂದು ಕೂತಿದೆ. ಬ್ರಿಟನ್‌ನಲ್ಲೂ ‘ದುರೊಬ್ರೀವೇ’ ಅಂತ ಎರಡು ರೋಮನ್ ಊರುಗಳಿದ್ದವು, ಒಂದು ಈಗಿನ ರಾಚೆಸ್ಟರ್. ಜೊತೆಜೊತೆಗೇ ಲ್ಯಾಟಿನ್ ಹೆಸರೂ ಶುರುವಾಗಿತ್ತು. ಈಗಿನ ನ್ಯೂಕ್ಯಾಸಲ್ ಆಗ ‘ಪೋನ್ಸ್ ಐಲಿಯುಸ್’. ಐಲಿಯುಸ್ ಅನ್ನುವುದು ಹೇಡ್ರಿಯನ್ ಚಕ್ರವರ್ತಿಯ ಮನೆತನದ ಹೆಸರು.

ಇನ್ನೊಂದು ಮಜಾ ಇದೆ. ಲಂಡನ್ ಪಕ್ಕದ ಸ್ಟೇನ್ಸ್ ಊರನ್ನು ರೋಮನ್ ದಾರಿಪಟ್ಟಿಯಲ್ಲಿ ‘ಪೊಂಟಿಬುಸ್’ ಅಂತ ಬರೆದಿದ್ದಾರೆ. ಅದು ಬಹುವಚನದ ವಿಭಕ್ತಿ ರೂಪ, ‘ಸೇತುವೆಗಳಲ್ಲಿ’. ಬಸ್ ನಿಲ್ದಾಣದ ಹೆಸರು ಕೇಳಿದರೆ ವಿಭಕ್ತಿ ಸಮೇತ ಹೇಳಿದ ಹಾಗೆ!

ಹಳೇ_ಮೇಷ್ಟ್ರು:
ವಿಭಕ್ತಿ ಬಂತಲ್ಲ, ಹಾಗಾದರೆ ಲ್ಯಾಟಿನ್ ರೂಪಗಳನ್ನೂ ಒಮ್ಮೆ ನೋಡಿಬಿಡೋಣ. ಪ್ರಥಮಾ ಪೋನ್ಸ್, ದ್ವಿತೀಯಾ ಪೊಂಟೆಮ್, ಷಷ್ಠೀ ಪೊಂಟಿಸ್. ಪದದ ಮೂಲ ಅಂಗ ‘ಪೊಂಟ್’. ಪ್ರಥಮೆಗೆ ಸಕಾರ ಸೇರಿದಾಗ ಮಧ್ಯದ ಟಕಾರ ಬಿದ್ದುಹೋಗುತ್ತದೆ, ಪೋನ್ಸ್ ಆಗುತ್ತದೆ. ವೆಲ್ಷ್‌ನಲ್ಲಿ ಟಕಾರ ಉಳಿದಿದೆ. ಅಂದರೆ ಅವರ ಕಿವಿಗೆ ಬಿದ್ದು ಉಳಿದಿದ್ದು ಪೋನ್ಸ್ ಅಲ್ಲ, ಪೊಂಟೆಮ್ ಥರದ ರೂಪ. ಫ್ರೆಂಚ್, ಇಟಾಲಿಯನ್‌ಗೂ ಹೋಗಿದ್ದು ಅದೇ ರೂಪ.

ಕಾರ್ಡಿಫ್_ಕನ್ನಡತಿ:
ಒಂದು ನಿಮಿಷ ಮೇಷ್ಟ್ರೇ. ಕಾರ್ನ್‌ವಾಲ್‌ಗೆ ಹೋಗಿದ್ದಾಗ ‘ಪೊನ್ಸನೂತ್’ ಅಂತ ಊರು ನೋಡಿದೆ. ಅಲ್ಲಿನ ಕಾರ್ನಿಷ್ ಭಾಷೆ ವೆಲ್ಷ್‌ನ ತಂಗಿ. ಅದರಲ್ಲಿ ಸೇತುವೆಗೆ ‘ಪೊನ್ಸ್’ ಅಂತಲೇ ಹೇಳುತ್ತಾರೆ. ಅಲ್ಲಿ ಮಾತ್ರ ಪ್ರಥಮಾ ವಿಭಕ್ತಿ ಉಳಿದುಕೊಂಡಿತಾ?

ಬೇರುಹುಡುಕ:
ಇದರಲ್ಲಿ ಬೀಳದವರು ಕಡಿಮೆ. ನೋಡಲು ಥೇಟ್ ಲ್ಯಾಟಿನ್ ಪೋನ್ಸ್. ಆದರೆ ಸಂಬಂಧ ಇಲ್ಲ. ಹಲ್ಲಿಗೆ ವೆಲ್ಷ್‌ನಲ್ಲಿ ‘ಡಂಟ್’, ಕಾರ್ನಿಷ್‌ನಲ್ಲಿ ‘ಡನ್ಸ್’. ನೂರಕ್ಕೆ ವೆಲ್ಷ್‌ನಲ್ಲಿ ‘ಕಂಟ್’, ಕಾರ್ನಿಷ್‌ನಲ್ಲಿ ‘ಕನ್ಸ್’. ಕಾರ್ನಿಷ್‌ನಲ್ಲಿ ಪದದ ಕೊನೆಯ ‘ಂಟ್’ ಎಲ್ಲ ಕಡೆ ‘ನ್ಸ್’ ಆಯಿತು, ಅದೂ ರೋಮನ್ನರು ಹೋಗಿ ಎಷ್ಟೋ ಶತಮಾನ ಆದಮೇಲೆ. ಪೊಂಟ್ ಕೂಡ ಅದೇ ಗಾಣಕ್ಕೆ ಸಿಕ್ಕಿ ಪೊನ್ಸ್ ಆಯಿತು. ಹೊರಟ ಜಾಗಕ್ಕೇ ಸುತ್ತು ಹಾಕಿಕೊಂಡು ಬಂದಂತೆ ಕಾಣುತ್ತದೆ, ಬರೀ ಕಾಕತಾಳೀಯ. ಎರಡು ಪದ ಒಂದೇ ಥರ ಕಂಡರೆ ನಂಬಬಾರದು. ಪಕ್ಕದ ಪದಗಳೂ ಹಾಗೇ ಬದಲಾಗಿವೆಯಾ ಅಂತ ನೋಡಬೇಕು.

ಪಾಠಶಾಲೆ_ಭಟ್ಟ:
ಹಲ್ಲಿಗೆ ಡಂಟ್! ‘ದಂತ’ ಅಲ್ವಾ ಅದು? ಇದನ್ನೂ ಲ್ಯಾಟಿನ್ ಎರವಲು ಅಂತೀರೋ?

ಬೇರುಹುಡುಕ:
ಇಲ್ಲ, ಇದು ಅವರ ಸ್ವಂತದ್ದೇ. ದಂತ, ಲ್ಯಾಟಿನ್ ಡೆಂಟೆಮ್, ವೆಲ್ಷ್ ಡಂಟ್, ಮೂರೂ ಒಡಹುಟ್ಟಿದವು. ಡಂಟ್ ಮತ್ತು ಪೊಂಟ್ ಪಕ್ಕಪಕ್ಕ ಇಟ್ಟರೆ ಬಹುವಚನದಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಹಲ್ಲುಗಳು ‘ಡನೆದ್’, ಟಕಾರ ಕರಗಿಹೋಗಿದೆ. ಸೇತುವೆಗಳು ‘ಪೊಂಟಿದ್’, ಟಕಾರ ಗಟ್ಟಿಯಾಗಿ ಕೂತಿದೆ.

ಹಳೇ_ಮೇಷ್ಟ್ರು:
ಅದನ್ನು ಎರವಲಿಗೆ ಸಾಕ್ಷಿ ಅಂತ ಮಾಡಬೇಡಿ ಮತ್ತೆ. ಲ್ಯಾಟಿನ್‌ನಿಂದಲೇ ಬಂದ ‘ಫೊಂಟಾನಾ’ ವೆಲ್ಷ್‌ನಲ್ಲಿ ‘ಫನ್ನೊನ್’ ಆಗಿದೆ, ಬುಗ್ಗೆ, ಬಾವಿ ಅಂತ. ಅಲ್ಲೂ ಟಕಾರ ಕರಗಿದೆ. ಹಾಗಾಗಿ ಎರವಲು ಪದಗಳೂ ಆ ಬದಲಾವಣೆಗೆ ಸಿಕ್ಕಿದ್ದವು. ಪೊಂಟಿದ್ ಅನ್ನುವುದು ಆಮೇಲೆ ಏಕವಚನ ನೋಡಿಕೊಂಡು ಹೊಸದಾಗಿ ಕಟ್ಟಿಕೊಂಡ ಬಹುವಚನ ಅನ್ನುವುದೇ ನನ್ನ ಲೆಕ್ಕ.

ಬೇರುಹುಡುಕ:
ಒಪ್ಪಿದೆ ಮೇಷ್ಟ್ರೇ. ಪಕಾರದ ಸಾಕ್ಷಿ ಒಂದೇ ಸಾಕು.

ಕಡಲತಡಿ:
ಲಿಂಗದ ಪ್ರಶ್ನೆ ಎಲ್ಲರೂ ಮರೆತಿರಿ. ನನಗೆ ಹೊಳೆದದ್ದು ಹೇಳುತ್ತೇನೆ. ನಮ್ಮ ‘ಸೇತುವೆ’ ಕೂಡ ಎರವಲೇ, ಸಂಸ್ಕೃತದ ‘ಸೇತು’. ಅಲ್ಲಿ ಅದು ಪುಲ್ಲಿಂಗ. ಕನ್ನಡಕ್ಕೆ ಬಂದು ನಪುಂಸಕ ಆಯಿತು. ‘ನದಿ’ ಸ್ತ್ರೀಲಿಂಗ, ‘ವೃಕ್ಷ’ ಪುಲ್ಲಿಂಗ, ನಮ್ಮಲ್ಲಿ ಎರಡೂ ‘ಅದು’. ಬಂದ ಪದ ಮನೆಯವರ ಲಿಂಗಪದ್ಧತಿಗೆ ಹೊಂದಿಕೊಳ್ಳುತ್ತದೆ. ವೆಲ್ಷ್‌ನಲ್ಲಿ ಹೇಗೆ?

ಹಳೇ_ಮೇಷ್ಟ್ರು:
ವೆಲ್ಷ್‌ನಲ್ಲಿ ನಪುಂಸಕವೇ ಇಲ್ಲ. ಗಂಡು, ಇಲ್ಲವೇ ಹೆಣ್ಣು. ಆದರೆ ಪೊಂಟ್ ವಿಷಯದಲ್ಲಿ ತಪ್ಪೆಲ್ಲ ವೆಲ್ಷ್ ಮೇಲೆ ಹೊರಿಸಬೇಕಿಲ್ಲ. ಲ್ಯಾಟಿನ್‌ನ ಈ ವರ್ಗದ ಪದಗಳ ರೂಪ ನೋಡಿದರೆ ಲಿಂಗ ಗೊತ್ತಾಗುವುದಿಲ್ಲ. ಪೋನ್ಸ್, ಮೋನ್ಸ್, ಫೋನ್ಸ್ ಪುಲ್ಲಿಂಗ. ಅದೇ ಅಚ್ಚಿನ ಮೇನ್ಸ್, ಗೇನ್ಸ್ ಸ್ತ್ರೀಲಿಂಗ. ಓದಿದವರಿಗೆ ಸರಿ, ಸಂತೆಯಲ್ಲಿ ಮಾತಾಡುವವನು ಎಷ್ಟು ನೆನಪಿಟ್ಟುಕೊಳ್ಳುತ್ತಾನೆ? ಇಟಾಲಿಯನ್, ಫ್ರೆಂಚ್‌ನಲ್ಲಿ ಸೇತುವೆ ಪುಲ್ಲಿಂಗವಾಗಿಯೇ ಉಳಿಯಿತು. ಪೋರ್ಚುಗೀಸ್, ರೊಮೇನಿಯನ್‌ನಲ್ಲಿ ಸ್ತ್ರೀಲಿಂಗ. ಸ್ಪ್ಯಾನಿಷ್‌ನಲ್ಲಿ ಈಗ ಪುಲ್ಲಿಂಗ, ಹಿಂದೆ ಸ್ತ್ರೀಲಿಂಗವಾಗಿಯೂ ಬಳಸುತ್ತಿದ್ದರು. ‘ಹೂವು’ ಲ್ಯಾಟಿನ್‌ನಲ್ಲಿ ಗಂಡು, ಫ್ರೆಂಚ್‌ನಲ್ಲಿ ಹೆಣ್ಣು. ಆಡುಮಾತಿನ ಲ್ಯಾಟಿನ್‌ನಲ್ಲೇ ಈ ಪದಗಳು ಅಲುಗಾಡುತ್ತಿದ್ದವು.

ತರ್ಲೆ_ತಿಮ್ಮ:
ಅಂದರೆ ‘ಅವನ ಸೇತುವೆ’, ‘ಅವಳ ಸೇತುವೆ’ ಅನ್ನುವಾಗಲೂ ಪ ಕುಣಿಯುತ್ತದಾ?

ಪಾಠಶಾಲೆ_ಭಟ್ಟ:
ತಿಮ್ಮಣ್ಣ, ಇದಕ್ಕೆ ನಾನೇ ಉತ್ತರ ಕೊಡುತ್ತೇನೆ, ನಿನ್ನೆ ರಾತ್ರಿ ಕೂತು ಓದಿದೆ. ವೆಲ್ಷ್‌ನಲ್ಲಿ ‘ಅವನ’ ಅನ್ನುವುದಕ್ಕೂ ‘ಅವಳ’ ಅನ್ನುವುದಕ್ಕೂ ಒಂದೇ ಪದ, ‘ಇ’. ಬರೆಯುವುದೂ ಒಂದೇ ಥರ. ಆದರೆ ಅವನ ಸೇತುವೆ ‘ಇ ಬೊಂಟ್’, ಅವಳ ಸೇತುವೆ ‘ಇ ಫೊಂಟ್’. ಯಾರ ಸೇತುವೆ ಅಂತ ಗೊತ್ತಾಗುವುದು ಆ ಮೊದಲ ಅಕ್ಷರದಿಂದ.

ಯಾಕೆ ಹೀಗೆ? ಸಂಸ್ಕೃತದಲ್ಲಿ ‘ಅವನ’ ಅಂದರೆ ‘ಅಸ್ಯ’, ‘ಅವಳ’ ಅಂದರೆ ‘ಅಸ್ಯಾಃ’. ಒಂದು ಸ್ವರದಲ್ಲಿ ಮುಗಿಯುತ್ತದೆ, ಇನ್ನೊಂದು ವಿಸರ್ಗದಲ್ಲಿ, ಅಂದರೆ ಮೂಲದ ಸಕಾರದಲ್ಲಿ. ವೆಲ್ಷ್‌ನ ಹಳೇ ರೂಪದಲ್ಲೂ ಇದೇ ವ್ಯತ್ಯಾಸ ಇತ್ತು. ಸ್ವರದ ಮುಂದೆ ಬಂದ ಪ ಮೆತ್ತಗಾಗಿ ಬ ಆಯಿತು. ಸಕಾರದ ಮುಂದೆ ಬಂದ ಪ ಉಸಿರು ತುಂಬಿಕೊಂಡು ಫ ಆಯಿತು. ಆಮೇಲೆ ಆ ಹಳೇ ವೆಲ್ಷ್ ರೂಪಗಳೆರಡೂ ಸವೆದು ‘ಇ’ ಆದವು. ‘ಅ ಬೊಂಟ್’ ಕಥೆಯೂ ಇದೇ. ಸ್ತ್ರೀಲಿಂಗದ ಹಿಂದೆ ಬರುತ್ತಿದ್ದ ಆ ಪುಟ್ಟ ಪದ ಮೊದಲು ‘ಆ’ಕಾರದಲ್ಲಿ ಮುಗಿಯುತ್ತಿತ್ತು, ಪುಲ್ಲಿಂಗದ್ದು ಸಕಾರದಲ್ಲಿ. ಸಂಧಿ ಮಾಡಿದ ಅಕ್ಷರ ಹೋಯಿತು, ಸಂಧಿ ಉಳಿಯಿತು. ಪಾಣಿನಿಗೆ ತೋರಿಸಿದ್ದರೆ ಖುಷಿಪಡುತ್ತಿದ್ದ.

ಬೇರುಹುಡುಕ:
ಭಟ್ಟರೇ, ಈ ಇಡೀ ಚರ್ಚೆಯಲ್ಲಿ ಒಳ್ಳೇ ಉತ್ತರ ಇದೇ. ಸಂಸ್ಕೃತ ಅಮ್ಮ ಅಲ್ಲದಿದ್ದರೂ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ.

ಪಾಠಶಾಲೆ_ಭಟ್ಟ:
ಅಮ್ಮನೋ ಅಕ್ಕನೋ, ಆ ವಾದ ಇನ್ನೊಂದು ದಿನ ಇಟ್ಟುಕೊಳ್ಳೋಣ. ಇನ್ನೊಂದು ಕೇಳಿ. ಲ್ಯಾಟಿನ್‌ನ ‘ಪೊಂಟಿಫೆಕ್ಸ್’, ರೋಮ್‌ನ ಅರ್ಚಕರು. ಸೇತುವೆ ಕಟ್ಟುವವನು ಅಂತ ಪದದ ಅರ್ಥ. ವಾರ್ರೋ ಎಂಬ ವಿದ್ವಾಂಸ ಕ್ರಿಸ್ತನಿಗಿಂತ ಮುಂಚೆಯೇ ಇದನ್ನು ಚರ್ಚಿಸಿದ್ದಾನೆ. ಸ್ಕೈವೊಲ ಅನ್ನುವ ಮುಖ್ಯ ಅರ್ಚಕ ಅದನ್ನು ‘ಸಾಮರ್ಥ್ಯ’ ಅನ್ನುವ ಪದದಿಂದ ಬಿಡಿಸಿದ್ದನಂತೆ. ವಾರ್ರೋ ಒಪ್ಪಲಿಲ್ಲ. ಟೈಬರ್ ನದಿಯ ಮರದ ಸೇತುವೆಯನ್ನು ಮೊದಲು ಕಟ್ಟಿ, ಆಗಾಗ ರಿಪೇರಿ ಮಾಡಿದ್ದು ಇವರೇ, ಹಾಗಾಗಿ ಪೋನ್ಸ್‌ನಿಂದಲೇ ಬಂತು ಅಂದ. ನನಗೆ ನೆನಪಾದದ್ದು ವೇದದ ‘ಪಥಿಕೃತ್’. ದಾರಿ ಮಾಡುವವನು. ಅಗ್ನಿಗೂ ಹೇಳುತ್ತಾರೆ, ಋಗ್ವೇದದಲ್ಲಿ ಹಿಂದಿನ ಋಷಿಗಳಿಗೂ ಹೇಳಿದೆ. ಪೊಂಟಿ ಮತ್ತು ಪಥಿ ಒಂದೇ ಬೇರಿನವು. ಇದನ್ನಂತೂ ಯಾರೂ ಅಲ್ಲಗಳೆಯಬೇಡಿ.

ಬೇರುಹುಡುಕ:
ಯಾರೂ ಅಲ್ಲಗಳೆಯಲ್ಲ. ಪೋನ್ಸ್‌ನ ಹಳೇ ಅರ್ಥ ‘ದಾರಿ’ ಅಂತಲೇ ಇತ್ತು, ಪೊಂಟಿಫೆಕ್ಸ್‌ನಲ್ಲಿ ಅದು ಉಳಿದಿದೆ ಅಂತ ಎಷ್ಟೋ ಜನ ವಿದ್ವಾಂಸರೂ ಹೇಳುತ್ತಾರೆ.

ಕಾರ್ಡಿಫ್_ಕನ್ನಡತಿ:
ಇಲ್ಲಿ ಒಂದು ಗಾದೆ ಬಹಳ ಕೇಳಿಬರುತ್ತದೆ: ‘ಅ ವೋ ಬೆನ್, ಬಿಡ್ ಬೊಂಟ್’. ನಾಯಕನಾಗುವವನು ಸೇತುವೆಯಾಗಲಿ ಅಂತ. ಮಾಬಿನೋಗಿ ಅನ್ನುವ ಮಧ್ಯಯುಗದ ವೆಲ್ಷ್ ಕಥಾಗುಚ್ಛದ ಎರಡನೇ ಕಥೆಯಲ್ಲಿ ಬೆಂಡಿಗೈಡ್‌ವ್ರಾನ್ ಅನ್ನುವ ದೈತ್ಯ ದೊರೆ ಬರುತ್ತಾನೆ. ಐರ್ಲೆಂಡಿನ ಒಂದು ನದಿಗೆ ಸೇತುವೆ ಇರುವುದಿಲ್ಲ. ಅವನು ಅಡ್ಡ ಮಲಗುತ್ತಾನೆ, ಅವನ ಮೈಮೇಲೆ ಹಲಗೆ ಹಾಸಿ ಸೈನ್ಯ ದಾಟುತ್ತದೆ. ಇಲ್ಲಿ ಬೆನ್ ಅಂದರೆ ನಮ್ಮ ಪೆನ್, ಬೊಂಟ್ ಅಂದರೆ ಪೊಂಟ್. ಎರಡೂ ಮೆದುವಾಗಿವೆ. ಆದರೆ ‘ಅ’ ಕಾರಣ ಇರಲಾರದು, ಪೆನ್ ಪುಲ್ಲಿಂಗ ಅಲ್ವಾ?

ಹಳೇ_ಮೇಷ್ಟ್ರು:
ಸರಿಯಾಗಿ ಹಿಡಿದಿರಿ. ಇದು ಲಿಂಗದ ಬದಲಾವಣೆಯಲ್ಲ. ‘ಆಗು’, ‘ಇರು’ ಅನ್ನುವ ಕ್ರಿಯಾಪದದ ರೂಪಗಳು ‘ವೋ’, ‘ಬಿಡ್’. ಅವುಗಳ ಮುಂದೆ ‘ಏನಾಗಲಿ’ ಅಂತ ಹೇಳುವ ಪದ ಮೆದುವಾಗುತ್ತದೆ. ಗಾದೆಯ ಮೊದಲ ‘ಅ’ ಕೂಡ ‘ದಿ’ ಅಲ್ಲ, ‘ಯಾರು’ ಅನ್ನುವ ‘ಅ’. ಇನ್ನೊಂದು ಸೊಗಸು ಕಂಡಿರಾ? ಪೆನ್ ಅಪ್ಪಟ ಕೆಲ್ಟಿಕ್, ಪೊಂಟ್ ಲ್ಯಾಟಿನ್ ಎರವಲು. ಗಾದೆಯಲ್ಲಿ ಎರಡಕ್ಕೂ ಒಂದೇ ಉಪಚಾರ.

ಕಾರ್ಡಿಫ್_ಕನ್ನಡತಿ:
ಈ ವಾರಾಂತ್ಯ ಅಬೆರಿಸ್ಟ್ವಿತ್ ಹತ್ತಿರದ ಪೊಂಟ್-ಅರ್-ವನಖ್‌ಗೆ ಹೊರಟಿದ್ದೇವೆ. ಅಲ್ಲಿ ಒಂದರ ಮೇಲೊಂದು ಮೂರು ಸೇತುವೆ ಇವೆ. ಕೆಳಗಿನದು ಮಧ್ಯಯುಗದ್ದು, ನಡುವಿನದು 1753ರದ್ದು, ಮೇಲಿನ ಕಬ್ಬಿಣದ್ದು 1901ರದ್ದು. ‘ವನಖ್’ ಏನು? ಮತ್ತೆ ಮೂರು ಸೇತುವೆಗೆ ‘ಟೈರ್ ಬೊಂಟ್’ ಅನ್ನಬೇಕಾ?

ಹಳೇ_ಮೇಷ್ಟ್ರು:
‘ಟೈರ್ ಪೊಂಟ್’. ಎರಡಕ್ಕಾದರೆ ‘ದುಯ್ ಬೊಂಟ್’. ಸ್ತ್ರೀಲಿಂಗದ ‘ಮೂರು’ ಮುಂದಿನ ಅಕ್ಷರ ಮುಟ್ಟುವುದಿಲ್ಲ. ಸಂಖ್ಯೆಯ ಮುಂದೆ ಏಕವಚನವೇ ಸಾಕು, ನಾವು ‘ಮೂರು ಸೇತುವೆ’ ಅನ್ನುವ ಹಾಗೆ. ಇನ್ನು ಆ ‘ವನಖ್’ ಮನಖ್ ಅನ್ನುವ ಹೊಳೆಯ ಹೆಸರು. ‘ಮೇಲೆ’ ಅನ್ನುವ ‘ಅರ್’ ಹಿಂದೆ ಬಂದದ್ದಕ್ಕೆ ಮ ವ ಆಗಿದೆ. ಮನಖ್ ಅಂದರೆ ಸನ್ಯಾಸಿ, ಅದೂ ಲ್ಯಾಟಿನ್ ‘ಮೊನಾಖುಸ್’ನಿಂದಲೇ ಬಂದಿದ್ದು.

ಪಾಠಶಾಲೆ_ಭಟ್ಟ:
ಟೈರ್, ಪೆಡೈರ್! ಇವು ನಮ್ಮ ‘ತಿಸ್ರಃ’, ‘ಚತಸ್ರಃ’ ಅಲ್ವಾ? ಮೂರು, ನಾಲ್ಕಕ್ಕೆ ಸ್ತ್ರೀಲಿಂಗದ ಬೇರೆ ರೂಪ. ಲ್ಯಾಟಿನ್‌ನಲ್ಲಿ ಅದು ಉಳಿದೇ ಇಲ್ಲ, ಗಂಡಿಗೂ ಹೆಣ್ಣಿಗೂ ‘ಟ್ರೇಸ್’ ಒಂದೇ.

ಬೇರುಹುಡುಕ:
ಹೌದು, ನೆಂಟರೇ. ಅಂದರೆ ‘ಟೈರ್ ಪೊಂಟ್’ನಲ್ಲಿ ಸಂಖ್ಯೆ ಲ್ಯಾಟಿನ್‌ಗಿಂತ ಹಳೇ ಪದ್ಧತಿಯದ್ದು, ಸೇತುವೆ ಮಾತ್ರ ಲ್ಯಾಟಿನ್‌ದು.

ತರ್ಲೆ_ತಿಮ್ಮ:
ನನ್ನದೊಂದು ಕೊನೇ ಡೌಟು. ಬೈಬಲ್‌ನ ಪೊಂತ್ಯ ಪಿಲಾತನೂ ಸೇತುವೆ ಕಂಟ್ರಾಕ್ಟರಾ?

ಬೇರುಹುಡುಕ:
ಅಲ್ಲ ಮಾರಾಯ. ಪೊಂಟಿಯುಸ್ ಅನ್ನುವುದು ದಕ್ಷಿಣ ಇಟಲಿಯ ಸಾಮ್ನೈಟರ ಮನೆತನದ ಹೆಸರು. ಅವರ ಆಸ್ಕನ್ ಭಾಷೆಯಲ್ಲಿ ‘ಐದು’ ಅನ್ನುವುದಕ್ಕೆ ಸಂಬಂಧಿಸಿ ಬಂದದ್ದು ಅನ್ನುತ್ತಾರೆ. ಆಸ್ಕನ್‌ನಲ್ಲೂ ವೆಲ್ಷ್‌ನ ಹಾಗೆ ‘ಕ್ವ’ ಪ ಆಗಿತ್ತು. ಲ್ಯಾಟಿನ್‌ನ ‘ಕ್ವಿಂಕ್ವೆ’ಗೆ ವೆಲ್ಷ್‌ನಲ್ಲಿ ‘ಪಿಂಪ್’. ಹಾಗಾಗಿ ಅವನು ಸೇತುವೆಯವನಲ್ಲ, ಐದನೆಯವನು.